ಪೆಡಲ್ ಒತ್ತಿದರೂ ಎಂಜಿನ್ ಸ್ಪಂದಿಸದಿದ್ದಾಗ: ಎಲೆಕ್ಟ್ರಾನಿಕ್ ಥ್ರಾಟಲ್ ದೋಷವನ್ನು ಪತ್ತೆ ಹಚ್ಚುವ ಬಗೆ

ಪೆಟ್ರೋಲ್ ಕಾರೊಂದು ಏರುದಾರಿಯಲ್ಲಿ ಇದ್ದಕ್ಕಿದ್ದಂತೆ ಪಿಕಪ್ ಕಳೆದುಕೊಂಡು, ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ಒತ್ತಿದರೂ ತೆವಳತೊಡಗಿ, ಮೀಟರ್ ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಂಡರೆ ಎಲೆಕ್ಟ್ರಾನಿಕ್ ಥ್ರಾಟಲ್ ವ್ಯವಸ್ಥೆಯನ್ನು ಪರೀಕ್ಷಿಸಬೇಕು. ಎಷ್ಟೋ ಗ್ಯಾರೇಜುಗಳಲ್ಲಿ ಇಂಥ ಕಾರಿಗೆ ದೋಷ ಓದುವ ಸ್ಕ್ಯಾನರ್ ಹಾಕಿ, ದೋಷದ ಕೋಡಿನ ವಿವರಣೆಯಲ್ಲಿ ‘ಥ್ರಾಟಲ್’ ಎಂಬ ಪದ ಕಂಡ ಕೂಡಲೇ, ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯನ್ನೇ ಬದಲಿಸಿಬಿಡುತ್ತಾರೆ. ಸಾವಿರಾರು ರೂಪಾಯಿ ತೆತ್ತ ಮೇಲೂ ಅದೇ ದೀಪ ಮತ್ತೆ ಹೊತ್ತಿಕೊಳ್ಳುವುದನ್ನು ನೋಡುವುದು ಮಾಲೀಕರಿಗೂ ನಿಷ್ಠೆಯಿಂದ ಕೆಲಸ ಮಾಡುವ ಮೆಕ್ಯಾನಿಕ್‌ಗೂ ನೋವಿನ ಸಂಗತಿ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಯಾವ ಸಂಕೇತದ ಮೇಲೆ ಅನುಮಾನ ಬಂತು ಎಂಬುದನ್ನಷ್ಟೇ ಕೋಡ್ ತಿಳಿಸುತ್ತದೆ. ಕೆಟ್ಟಿರುವುದು ಯಾವ ಭಾಗ ಎಂಬುದು ಅಳೆದು ನೋಡಿದಾಗ ಮಾತ್ರ ತಿಳಿಯುತ್ತದೆ.

ಹಳೆಯ ಕಾರುಗಳಲ್ಲಿದ್ದಂತೆ ಪೆಡಲಿನಿಂದ ಎಂಜಿನ್ನಿಗೆ ಹೋಗುವ ಕೇಬಲ್ ಇಲ್ಲಿಲ್ಲ. ಪೆಡಲಿನಲ್ಲಿರುವ ಎರಡು ಸೆನ್ಸರ್‌ಗಳು ಚಾಲಕ ಎಷ್ಟು ಒತ್ತಿದ್ದಾನೆಂಬುದನ್ನು ವೋಲ್ಟೇಜ್ ರೂಪದಲ್ಲಿ ಇಸಿಯುಗೆ ತಿಳಿಸುತ್ತವೆ. ಇಸಿಯು ಥ್ರಾಟಲ್ ಬಾಡಿಯೊಳಗಿನ ಪುಟ್ಟ ಡಿಸಿ ಮೋಟಾರಿಗೆ ವಿದ್ಯುತ್ ಹರಿಸಿ, ಗಿಯರ್‌ಗಳ ಮೂಲಕ ಗಾಳಿಯ ತಟ್ಟೆಯನ್ನು ತಿರುಗಿಸುತ್ತದೆ. ತಟ್ಟೆ ನಿಜವಾಗಿ ಎಷ್ಟು ತೆರೆದಿದೆ ಎಂಬುದನ್ನು ಇನ್ನೆರಡು ಸೆನ್ಸರ್‌ಗಳು ಮರಳಿ ವರದಿ ಮಾಡುತ್ತವೆ. ಎರಡೆರಡು ಸೆನ್ಸರ್‌ಗಳಿರುವುದು ಒಂದರ ಮಾತನ್ನು ಇನ್ನೊಂದರ ಮಾತಿನೊಡನೆ ತಾಳೆ ನೋಡುವುದಕ್ಕಾಗಿ. ತಾಳೆಯಾಗದಿದ್ದರೆ ಇಸಿಯು ಮೋಟಾರಿನ ವಿದ್ಯುತ್ತನ್ನು ಕಡಿದುಹಾಕುತ್ತದೆ. ಆಗ ಸ್ಪ್ರಿಂಗ್ ಬಲದಿಂದ ತಟ್ಟೆ ತುಸುವೇ ತೆರೆದ ಸ್ಥಿತಿಗೆ ಬಂದು ನಿಲ್ಲುವುದರಿಂದ, ಕಾರನ್ನು ರಸ್ತೆಯ ಬದಿಗೆ ತರುವಷ್ಟು ಶಕ್ತಿ ಎಂಜಿನ್ನಿನಲ್ಲಿ ಉಳಿಯುತ್ತದೆ. ಹೀಗಾಗಿ ಕಾರು ತೆವಳುವುದು ಕಾರನ್ನು ಹತೋಟಿಯಲ್ಲಿಡಲೆಂದೇ ರೂಪಿಸಿದ ರಕ್ಷಣಾ ಕ್ರಮ.

ಕೆಲಸವನ್ನು ಬ್ಯಾಟರಿಯಿಂದ ಆರಂಭಿಸಬೇಕು. ಎಂಜಿನ್ ನಿಂತಿರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಸುಮಾರು 12.6 ವೋಲ್ಟ್, ಓಡುತ್ತಿರುವಾಗ ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.7 ವೋಲ್ಟ್ ಇರಬೇಕು. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ವಿಪರೀತ ಕುಸಿಯುವ ಕಾರು ಇಲ್ಲದ ಥ್ರಾಟಲ್ ದೋಷವನ್ನೂ ತೋರಿಸಬಲ್ಲದು. ಇತ್ತೀಚೆಗೆ ಬ್ಯಾಟರಿ ಬದಲಿಸಿದ್ದಾರೆಯೇ ಎಂದು ಮಾಲೀಕರನ್ನು ಕೇಳುವುದನ್ನೂ ಮರೆಯಬಾರದು. ಬ್ಯಾಟರಿ ತೆಗೆದಾಗ ಇಸಿಯು ಕಲಿತಿಟ್ಟಿದ್ದ ತಟ್ಟೆಯ ಮುಚ್ಚಿದ ಸ್ಥಾನವನ್ನು ಕೆಲವು ಕಾರುಗಳು ಮರೆತು, ಐಡ್ಲಿಂಗ್ (ಪೆಡಲ್ ಒತ್ತದಿರುವಾಗಿನ ಎಂಜಿನ್ ಓಟ) ಏರುಪೇರಾಗುತ್ತದೆ.

ಅನಂತರ ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಕನೆಕ್ಟರಿಗೆ ಸ್ಕ್ಯಾನರ್ ಜೋಡಿಸಿ ಎಲ್ಲ ಕೋಡ್‌ಗಳನ್ನೂ, ಅವುಗಳೊಂದಿಗೆ ದಾಖಲಾಗಿರುವ ಫ್ರೀಜ್ ಫ್ರೇಮ್ ಮಾಹಿತಿಯನ್ನೂ ಬರೆದುಕೊಳ್ಳಬೇಕು. ದೋಷ ಕಾಣಿಸಿದ ಗಳಿಗೆಯಲ್ಲಿ ಕಾರಿನ ವೇಗ, ಎಂಜಿನ್ನಿನ ಆರ್‌ಪಿಎಂ, ಕೂಲೆಂಟ್ ತಾಪಮಾನ ಎಷ್ಟಿದ್ದವು ಎಂಬುದು ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಪಿ2122, ಪಿ2123, ಪಿ2127, ಪಿ2128 ಬಂದರೆ ಪೆಡಲ್ ಸೆನ್ಸರಿನ ವೋಲ್ಟೇಜ್ ತೀರಾ ಕಡಿಮೆ ಅಥವಾ ತೀರಾ ಹೆಚ್ಚು ಎಂದರ್ಥ. ಪಿ2138 ಬಂದರೆ ಪೆಡಲಿನ ಎರಡು ಸೆನ್ಸರ್‌ಗಳು ತಾಳೆಯಾಗುತ್ತಿಲ್ಲ. ಥ್ರಾಟಲ್ ಬಾಡಿಯ ಸೆನ್ಸರ್‌ಗಳಿಗೆ ಇದೇ ಬಗೆಯ ಕೋಡ್‌ಗಳು ಪಿ0122, ಪಿ0123, ಪಿ0222, ಪಿ0223 ಮತ್ತು ಪಿ2135. ಮೋಟಾರಿಗೆ ಸಂಬಂಧಿಸಿದವು ಪಿ2100, ಪಿ2101. ತಟ್ಟೆ ತೆರೆದೇ ಸಿಕ್ಕಿಕೊಂಡರೆ ಪಿ2111, ಮುಚ್ಚಿಯೇ ಸಿಕ್ಕಿಕೊಂಡರೆ ಪಿ2112.

ಪೆಡಲಿನ ಕೋಡ್ ಮತ್ತು ಥ್ರಾಟಲ್ ಬಾಡಿಯ ಕೋಡ್ ಒಟ್ಟಿಗೇ ಬಂದಿದ್ದರೆ ಎರಡೂ ಭಾಗಗಳು ಒಂದೇ ದಿನ ಕೆಟ್ಟಿವೆ ಎಂದು ನಂಬಬಾರದು. ಇಸಿಯು ಹಲವು ಸೆನ್ಸರ್‌ಗಳಿಗೆ ಒಂದೇ 5 ವೋಲ್ಟ್ ಪೂರೈಕೆಯನ್ನು ಹಂಚುತ್ತದೆ. ಆ ತಂತಿ ಎಲ್ಲೋ ಒಂದು ಕಡೆ ಶಾರ್ಟ್ ಆದರೆ, ಅಥವಾ ಅದೇ ಪೂರೈಕೆಯಲ್ಲಿರುವ ಎಸಿ ಪ್ರೆಶರ್ ಸೆನ್ಸರಿನಂಥ ಬೇರೊಂದು ಭಾಗ ಒಳಗೇ ಶಾರ್ಟ್ ಆದರೆ, ಎಲ್ಲ ಸಂಕೇತಗಳೂ ಒಮ್ಮೆಗೇ ಕುಸಿಯುತ್ತವೆ. ಈ 5 ವೋಲ್ಟ್ ಪೂರೈಕೆಯ ದೋಷವನ್ನೇ ಹೇಳುವ ಪಿ0641 ಅಥವಾ ಪಿ0651 ಜೊತೆಗಿದ್ದರಂತೂ ಅನುಮಾನ ಅಲ್ಲಿಗೇ ಹೋಗಬೇಕು. ಆ ಪೂರೈಕೆಯಲ್ಲಿರುವ ಸೆನ್ಸರ್‌ಗಳ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದಾಗ, ಯಾವುದನ್ನು ಬಿಡಿಸಿದರೆ 5 ವೋಲ್ಟ್ ಮರಳುತ್ತದೆಯೋ ಅದೇ ತಪ್ಪಿತಸ್ಥ.

ಈಗ ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್ ಮಾಡಿ, ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಪೆಡಲಿನ ಎರಡೂ ವೋಲ್ಟೇಜ್‌ಗಳನ್ನು ಗ್ರಾಫ್ ರೂಪದಲ್ಲಿ ಇಟ್ಟುಕೊಂಡು, ಪೆಡಲನ್ನು ಅತಿ ನಿಧಾನವಾಗಿ ಒತ್ತಿ ಬಿಡಬೇಕು. ಬಹಳಷ್ಟು ಕಾರುಗಳಲ್ಲಿ ಒಂದು ಸೆನ್ಸರಿನ ವೋಲ್ಟೇಜ್ ಇನ್ನೊಂದರ ಎರಡರಷ್ಟಿರುತ್ತದೆ: ಒಂದು 0.8 ಇದ್ದಾಗ ಇನ್ನೊಂದು 0.4. ಗೆರೆ ನಯವಾಗಿ ಏರದೆ ಯಾವುದೋ ಒಂದು ಹಂತದಲ್ಲಿ ಸರ್ರನೆ ಬಿದ್ದು ಮತ್ತೆ ಎದ್ದರೆ ಆ ಜಾಗದಲ್ಲಿ ದೋಷವಿದೆ. ಥ್ರಾಟಲ್ ಬಾಡಿಯ ಸೆನ್ಸರ್‌ಗಳಲ್ಲಿ ಅನೇಕ ವೇಳೆ ಒಂದು ಏರಿದಂತೆ ಇನ್ನೊಂದು ಇಳಿದು, ಎರಡರ ಮೊತ್ತ 5 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಟೊಯೊಟಾದ ಹಲವು ಮಾದರಿಗಳಲ್ಲಿ ಎರಡೂ ಏರುತ್ತವೆ. ಆದ್ದರಿಂದ ಆಯಾ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ನೋಡದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಪೆಡಲಿನ ಸಂಕೇತ ಸರಿಯಾಗಿದ್ದು, ಇಸಿಯು ಕೇಳಿದಷ್ಟು ತಟ್ಟೆ ತೆರೆಯುತ್ತಿಲ್ಲವೆಂದಾದರೆ ಮಾತ್ರ ಬಾನೆಟ್ ತೆರೆದು ಥ್ರಾಟಲ್ ಬಾಡಿಯತ್ತ ಹೋಗಬೇಕು.

ಹೆಚ್ಚಿನ ತಾಳ್ಮೆ ಬೇಕಾಗುವುದು ವೈರಿಂಗ್ ಪರೀಕ್ಷೆಗೆ. ಕನೆಕ್ಟರ್ ಜೋಡಿಸಿರುವಂತೆಯೇ ಅದರ ಹಿಂಬದಿಯಿಂದ ಸಪೂರ ಪಿನ್ ಇಳಿಸಿ, 5 ವೋಲ್ಟ್ ಪೂರೈಕೆ, ಅರ್ಥ್ ಮತ್ತು ಸಂಕೇತದ ತಂತಿಗಳನ್ನು ಮಲ್ಟಿಮೀಟರಿನಿಂದ ಅಳೆಯಬೇಕು. ತಂತಿಯ ಮೇಲ್ಪದರವನ್ನು ಚುಚ್ಚಿ ಅಳೆದರೆ ಆ ತೂತಿನಿಂದ ನೀರಿಳಿದು ಇನ್ನೊಂದು ದೋಷ ಹುಟ್ಟಿಕೊಳ್ಳುತ್ತದೆ. ಸೆನ್ಸರಿನ ಅರ್ಥ್ ತಂತಿ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ 0.1 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ದುರ್ಬಲವಾಗಿದೆ ಎಂದರ್ಥ. ಮೀಟರನ್ನು ನೋಡುತ್ತಲೇ ಹಾರ್ನೆಸ್ಸನ್ನು (ತಂತಿಗಳ ಕಟ್ಟನ್ನು) ಮೆಲ್ಲಗೆ ಅಲುಗಾಡಿಸಬೇಕು. ಗುಂಡಿ ಬಿದ್ದ ರಸ್ತೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷ ಹೀಗೆ ಸಿಕ್ಕಿಬೀಳುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರುಗಳ ಪಿನ್ನುಗಳಲ್ಲಿ ಹಸಿರು ಕಿಲುಬು ಕಟ್ಟಿದೆಯೇ ಎಂದೂ, ಹಲವು ದಿನ ನಿಂತಲ್ಲೇ ನಿಂತ ಕಾರಿನ ತಂತಿಗಳನ್ನು ಇಲಿ ಕಡಿದಿದೆಯೇ ಎಂದೂ ಟಾರ್ಚ್ ಹಿಡಿದು ನೋಡಬೇಕು. ಇಷ್ಟಾದ ಮೇಲೆ ಕೀಲಿ ತೆಗೆದು, ಕನೆಕ್ಟರ್ ಬಿಡಿಸಿ, ಮೋಟಾರಿನ ಎರಡು ಪಿನ್ನುಗಳ ನಡುವಿನ ರೆಸಿಸ್ಟೆನ್ಸ್ ಅಳೆಯಬೇಕು. ಸಾಮಾನ್ಯವಾಗಿ ಅದು ಕೆಲವೇ ಓಮ್ ಇರುತ್ತದೆ, ಮೀಟರ್ ಓಪನ್ (ಸಂಪರ್ಕ ಕಡಿದಿದೆ) ಎಂದು ತೋರಿಸಿದರೆ ಮೋಟಾರು ಸತ್ತಿದೆ.

ಕೀಲಿ ಆನ್ ಇರುವಾಗ ತಟ್ಟೆಯ ಬಳಿ ಬೆರಳಿಡಲೇಬಾರದು. ಅದು ಯಾವ ಕ್ಷಣದಲ್ಲಾದರೂ ಬಲವಾಗಿ ಮುಚ್ಚಿಕೊಂಡು ಗಾಯ ಮಾಡಬಲ್ಲದು.

ಐಡ್ಲಿಂಗ್ ನಡುಗುವುದು, ಎಸಿ ಹಾಕಿದೊಡನೆ ಎಂಜಿನ್ ನಿಂತುಹೋಗುವುದು ಮುಂತಾದ ಲಕ್ಷಣಗಳಿದ್ದರೆ ತಟ್ಟೆಯ ಅಂಚಿನಲ್ಲಿ ಕಾರ್ಬನ್ ಕಟ್ಟಿರುವ ಸಾಧ್ಯತೆ ಹೆಚ್ಚು. ಥ್ರಾಟಲ್ ಬಾಡಿಯನ್ನು ಬಿಚ್ಚಿ, ಅದಕ್ಕೆಂದೇ ಇರುವ ಕ್ಲೀನರನ್ನು ಮೆತ್ತನೆಯ ಬಟ್ಟೆಗೆ ಹಾಕಿಕೊಂಡು ಒರೆಸಬೇಕೇ ಹೊರತು, ದ್ರವವನ್ನು ನೇರವಾಗಿ ಸುರಿದು ಶಾಫ್ಟ್ ಮೂಲಕ ಮೋಟಾರಿನೊಳಗೆ ಇಳಿಯಗೊಡಬಾರದು. ಕೆಲವು ಥ್ರಾಟಲ್ ಬಾಡಿಗಳ ಒಳಗೋಡೆಗೆ ತೆಳುವಾದ ಲೇಪನವಿರುವುದರಿಂದ ಕೆರೆಯುವುದೂ ಬೇಡ. ತಟ್ಟೆಯನ್ನು ಬಲವಂತವಾಗಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ ಗಿಯರಿನ ಹಲ್ಲು ಮುರಿಯಬಹುದು. ಇದರ ಜೊತೆಗೆ ಬ್ರೇಕ್ ಸ್ವಿಚ್ಚನ್ನೂ ನೋಡಬೇಕು: ಬ್ರೇಕ್ ಒತ್ತಿದಾಗ ಆಕ್ಸಿಲರೇಟರನ್ನು ಕಡೆಗಣಿಸುವ ವ್ಯವಸ್ಥೆಯುಳ್ಳ ಕಾರುಗಳಲ್ಲಿ, ಸ್ವಿಚ್ ಕೆಟ್ಟು ಬ್ರೇಕ್ ಸದಾ ಒತ್ತಿರುವಂತೆ ತೋರಿದರೆ ಪಿಕಪ್ ಸಿಗುವುದಿಲ್ಲ. ಒಳಹೋಗುವ ಗಾಳಿಯ ಅಳತೆ ತಟ್ಟೆಯ ಸ್ಥಾನಕ್ಕೆ ತಾಳೆಯಾಗುತ್ತಿಲ್ಲವೆಂದು ಹೇಳುವ ಪಿ0068 ಬಂದಿದ್ದರೆ ಗಾಳಿಯ ಪೈಪಿನ ಬಿರುಕನ್ನು ಮೊದಲು ಹುಡುಕಬೇಕು.

ಸ್ವಚ್ಛಗೊಳಿಸಿದ ಮೇಲೆ ಅಥವಾ ಹೊಸ ಥ್ರಾಟಲ್ ಬಾಡಿ ಹಾಕಿದ ಮೇಲೆ ಐಡ್ಲಿಂಗ್ ಜಾಸ್ತಿಯಾದರೆ ಗಾಬರಿ ಬೇಡ. ಕಾರ್ಬನ್ ಇದ್ದಾಗ ಕಲಿತ ಲೆಕ್ಕದಲ್ಲೇ ಇಸಿಯು ಇನ್ನೂ ತಟ್ಟೆಯನ್ನು ಹೆಚ್ಚು ತೆರೆಯುತ್ತಿರುತ್ತದೆ. ತಯಾರಕರು ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ಎಸಿ ಮತ್ತು ದೀಪಗಳನ್ನು ಆರಿಸಿ ಪೆಡಲ್ ಮುಟ್ಟದೆ, ರೀಲರ್ನ್ ಮಾಡಿಸಬೇಕು, ಅಂದರೆ ಇಸಿಯುಗೆ ತಟ್ಟೆಯ ಸ್ಥಾನವನ್ನು ಮತ್ತೆ ಕಲಿಸಬೇಕು. ಅನಂತರ ಕೋಡ್ ಅಳಿಸಿ, ಸ್ಕ್ಯಾನರ್ ನೋಡಲು ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆರಂಭದಲ್ಲಿ ಬರೆದಿಟ್ಟ ಫ್ರೀಜ್ ಫ್ರೇಮಿನ ವೇಗ, ಆರ್‌ಪಿಎಂ ಮತ್ತು ತಾಪಮಾನಕ್ಕೆ ಎಂಜಿನ್ ಬರುವವರೆಗೂ ಕಾರನ್ನು ಓಡಿಸಿ, ಪೆಂಡಿಂಗ್ ಕೋಡ್ (ಇನ್ನೂ ಖಚಿತವಾಗದ ದೋಷದ ಕೋಡ್) ಒಂದೂ ಇಲ್ಲವೆಂದು ಕಂಡ ಮೇಲಷ್ಟೇ ಕೀಲಿಯನ್ನು ಮಾಲೀಕರ ಕೈಗೆ ಕೊಡಬೇಕು.