ಹಳೇ ಮ್ಯಾಚ್‌ಬಾಕ್ಸ್ ಕಾರು ಕೊಳ್ಳೋ ಮುಂಚೆ ತಿರುಗಿಸಿ ನೋಡಿ

ಆಟಿಕೆ ಕಾರು ಪಳಪಳ ಹೊಳೀತಿದ್ರೆ ಸಾಕು, ಜನ ಹಿಂದೆಮುಂದೆ ನೋಡದೆ ದುಡ್ಡು ಬಿಚ್ಚಿಬಿಡ್ತಾರೆ. ಅರವತ್ತು ವರ್ಷ ಹಳೇ ಆಟಿಕೆ ಇಷ್ಟು ಹೊಸದಾಗಿ ಹೇಗಿದೆ ಅಂತ ಕೇಳೋರೇ ಇಲ್ಲ. ಹಾಗಾಗಿ ಮೊದಲು ಕಾರನ್ನ ಮಗುಚಿ ಹಾಕಿ.

1. ತಳದ ಬರಹ ಓದಿ. ಲೆಸ್ನಿ ಅಂತಿದ್ರೆ ಲಂಡನ್ನಿನ ಮೂಲ ಕಂಪನಿಯದ್ದು. ಅದರ ಪಾಲುದಾರ ಜ್ಯಾಕ್ ಓಡೆಲ್ ಮಗಳ ಶಾಲೇಲಿ ಬೆಂಕಿಪೊಟ್ಟಣದಲ್ಲಿ ಹಿಡಿಸೋ ಆಟಿಕೆ ಮಾತ್ರ ತರಬಹುದು ಅಂತ ರೂಲ್ಸ್ ಇತ್ತಂತೆ, ಅದಕ್ಕೇ ಅವಳಿಗೊಂದು ಪುಟಾಣಿ ಹಿತ್ತಾಳೆ ರೋಡ್ ರೋಲರ್ ಮಾಡಿಕೊಟ್ಟ, ಅಲ್ಲಿಂದ 1953ರಲ್ಲಿ ಮ್ಯಾಚ್‌ಬಾಕ್ಸ್ ಕಾರುಗಳು ಬಂದ್ವು. 1982ರಲ್ಲಿ ಕಂಪನಿ ದಿವಾಳಿ. ತಳದಲ್ಲಿ ಇಸವಿ ಇದ್ರೆ ಅದು ಮಾಡೆಲ್ಲಿನ ಇಸವಿ, ನಿಮ್ಮ ಕೈಲಿರೋ ಕಾರು ಅದಕ್ಕಿಂತ ಎಷ್ಟೋ ವರ್ಷ ಆಮೇಲೆ ಬಂದಿರಬಹುದು, ಮಾರೋರು ಇದನ್ನ ಹೇಳಲ್ಲ.

2. ಚಕ್ರ ನೋಡಿ. ಮೊದಮೊದಲು ಲೋಹದ್ದು, ಆಮೇಲೆ ಬೂದಿ ಬಣ್ಣದ ಪ್ಲಾಸ್ಟಿಕ್, ಆಮೇಲೆ ಕಪ್ಪು. 1969ರಿಂದ ಸೂಪರ್‌ಫಾಸ್ಟ್ ಅನ್ನೋ ಜೋರಾಗಿ ಓಡೋ ಚಕ್ರ, ಅಮೆರಿಕದ ಪೈಪೋಟಿ ಕಾರು ಹಾಟ್ ವೀಲ್ಸ್ ಕೊಟ್ಟ ಏಟಿಗೆ.

3. ಎಲ್ಲರೂ ಎಡವೋದು ರಿವೆಟ್‌ನಲ್ಲಿ. ಕರಗಿದ ಜಿಂಕ್ ಮಿಶ್ರಲೋಹವನ್ನ ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ನುಗ್ಗಿಸಿ ಬಾಡಿ ತೆಗೀತಾರೆ, ಅದರ ಜತೆಗೇ ಒಳಗಡೆ ಸಣ್ಣ ಗೂಟಗಳೂ ಬರ್ತವೆ. ಆ ಗೂಟವನ್ನ ತಳದ ತೂತಿಂದ ಹೊರಗೆ ತಂದು ತಲೆ ಚಪ್ಪಟೆ ಮಾಡಿದ್ರೆ ಅದೇ ರಿವೆಟ್. ಕಾರನ್ನ ನೀಟಾಗಿ ಬಿಚ್ಚಿ ಪೇಂಟ್ ಮಾಡ್ಬೇಕಂದ್ರೆ ಆ ತಲೆ ಕೊರೀಲೇಬೇಕು, ಒಂದ್ಸಲ ಕೊರೆದ ಮೇಲೆ ಮೊದಲಿನ ಹಾಗೆ ಕೂರಲ್ಲ. ಭೂತಗನ್ನಡಿ ಹಿಡಿದು ನೋಡಿ: ಸುತ್ತ ಗೀರು ಇದ್ಯಾ, ನಡುವೆ ತೂತಿದ್ಯಾ, ಅಂಟು ಒಣಗಿ ಮಿಂಚ್ತಿದ್ಯಾ, ಸ್ಕ್ರೂ ಇದ್ಯಾ? ಇದ್ರೆ ಯಾರೋ ಬಿಚ್ಚಿದ್ದಾರೆ ಅಂತ. ಹಾಗೇ ಬಾಗಿಲಿನ ಗೆರೆ ನೋಡಿ. ಎರಡನೇ ಸಲ ಬಳಿದ ಪೇಂಟು ದಪ್ಪ, ಗೆರೆ ತುಂಬ್ಕೊಂಡು ಮಂದ ಆಗಿರುತ್ತೆ, ಪೇಂಟಿನ ಕೆಳಗೆ ಹಳೇ ಏಟಿನ ಗುಂಡಿ ಕಾಣುತ್ತೆ. ಪೇಂಟ್ ಎದ್ದಿದ್ರೂ ಪರವಾಗಿಲ್ಲ, ಅಸಲಿ ಪೇಂಟೇ ತಗೊಳ್ಳಿ.

4. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿ (ಇದೂ ಬ್ರಿಟನ್ನಿನ ಆಟಿಕೆ ಕಾರೇ, ಬೇರೆ ಕಂಪನಿಯದ್ದು) ಸಿಕ್ರೆ ಕೂದಲೆಳೆ ಬಿರುಕು ಹುಡುಕಿ. ಜಿಂಕ್‌ನಲ್ಲಿ ಸೀಸ ಬೆರೆತಿದ್ರೆ ಲೋಹ ಒಳಗಿಂದಲೇ ಉಬ್ಬಿ ಪುಡಿ ಆಗುತ್ತೆ, ಇದಕ್ಕೆ ಮದ್ದಿಲ್ಲ. ಅಂದಹಾಗೆ ಡಿಂಕಿಯ ಅಚ್ಚುಗಳಲ್ಲೇ ಕಲ್ಕತ್ತಾದಲ್ಲಿ ತಯಾರಾದ ನಿಕಿ ಟಾಯ್ಸ್ ಸಿಕ್ರೆ ನಕಲಿ ಅಂತ ಬಿಟ್ಟುಬಿಡಬೇಡಿ, ಅದಕ್ಕೂ ಹುಡುಕೋರಿದ್ದಾರೆ.

5. ಕ್ಲೀನಿಂಗು. ಹಿತ್ತಾಳೆ ಪಾತ್ರೆಗೆ ಉಜ್ಜೋ ಹುಣಸೆಹಣ್ಣು, ನಿಂಬೆಹುಳಿ ಬೇಡವೇ ಬೇಡ, ಹುಳಿ ಜಿಂಕನ್ನ ತಿನ್ನುತ್ತೆ. ಟೂತ್‌ಪೇಸ್ಟ್ ಪೇಂಟ್ ಸವೆಸುತ್ತೆ. ಒದ್ದೆ ಬಟ್ಟೆಗೆ ಒಂದು ಹನಿ ಪಾತ್ರೆ ಸೋಪು, ಅಷ್ಟೇ ಸಾಕು. ಸ್ಟಿಕರ್ ಮೇಲೆ ಅದೂ ಬೇಡ. ನೀರಲ್ಲಿ ನೆನೆಸಿಟ್ರೆ ಆಕ್ಸಲ್‌ಗೆ ತುಕ್ಕು ಹಿಡಿಯುತ್ತೆ.

6. ಬಿಸಿಲು, ತೇವ ಇಲ್ಲದ ಕಡೆ ಇಡಿ. ಅಟ್ಟ ಬೇಡ.