ಹೊತ್ತಿ ಆರುತ್ತಿದ್ದ ಹೀಟರ್: ಕೊರತೆ ಇದ್ದದ್ದು ಗಾಳಿಯದು

ಡೆಟ್ರಾಯ್ಟ್ ಹೊರವಲಯದ ನಮ್ಮ ಮನೆಯ ಗ್ಯಾರೇಜಿನಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮರಗೆಲಸ ಮಾಡಬೇಕೆಂದರೆ ಸೀಮೆಎಣ್ಣೆಯ ಹೀಟರ್ ಹಚ್ಚಲೇಬೇಕು. ಹಿಂಬದಿಗೆ ಫ್ಯಾನ್, ಮುಂಬದಿಗೆ ಬೆಂಕಿ ಇರುವ ಉದ್ದನೆಯ ಕೊಳವೆಯಂಥ ಆ ಯಂತ್ರ ಆರು ಚಳಿಗಾಲ ತಕರಾರಿಲ್ಲದೆ ನಡೆದು, ಏಳನೆಯದರಲ್ಲಿ ಒಂದು ಬೆಳಿಗ್ಗೆ ಹೊತ್ತಿಕೊಂಡ ಹತ್ತೇ ಸೆಕೆಂಡಿಗೆ ಆರಿಹೋಯಿತು. ಮತ್ತೆ ಸ್ವಿಚ್ ಹಾಕಿದರೂ ಅದೇ ಕಥೆ.

ಅಮ್ಮನ ಪಂಪ್ ಸ್ಟವ್ ನೋಡಿ ಬೆಳೆದ ನನಗೆ ಮೊದಲು ಹೊಳೆದದ್ದು ಪಿನ್ ಹಾಕುವ ಉಪಾಯ. ಪುಣ್ಯಕ್ಕೆ, ಕೈಹಾಕುವ ಮುನ್ನ ಕೈಪಿಡಿ ಓದಿದೆ. ಪಂಪ್ ಸ್ಟವ್‌ನಲ್ಲಿ ನಾವು ತುಂಬಿದ ಗಾಳಿಯ ಒತ್ತಡ ಟ್ಯಾಂಕಿನ ಎಣ್ಣೆಯನ್ನೇ ಮೇಲಕ್ಕೆ ತಳ್ಳುತ್ತದೆ. ಈ ಹೀಟರಿನ ಟ್ಯಾಂಕಿನಲ್ಲಿ ಒತ್ತಡವೇ ಇಲ್ಲ. ಮೋಟಾರಿಗೆ ಜೋಡಿಸಿದ ಪುಟ್ಟ ಪಂಪು ನಾಜಲ್ ಮೂಲಕ ಗಾಳಿಯನ್ನು ರಭಸದಿಂದ ಹೊರಡಿಸುತ್ತದೆ, ಆ ರಭಸವೇ ಕೆಳಗಿನಿಂದ ಎಣ್ಣೆಯನ್ನು ಎಳೆದುಕೊಂಡು ಮಂಜಿನಂತೆ ಸಿಂಪಡಿಸುತ್ತದೆ. ಆದ್ದರಿಂದ ನಾಜಲ್ ರಂಧ್ರಕ್ಕೆ ತಂತಿ ಚುಚ್ಚಿದರೆ ಅದರ ಅಳತೆ ಕೆಟ್ಟು ಸಿಂಪರಣೆಯೇ ಹಾಳಾಗುತ್ತದೆ. ಕಸ ಕಟ್ಟಿದ್ದರೆ ಗಾಳಿ ಊದಿಯೇ ತೆಗೆಯಬೇಕು.

ಬೆಂಕಿ ಹೊತ್ತದಿರುವುದು ಬೇರೆ, ಹೊತ್ತಿ ಆರುವುದು ಬೇರೆ. ಫ್ಯಾನ್ ತಿರುಗುತ್ತಾ ಮುಂಬದಿಯಿಂದ ಬಿಳಿ ಹೊಗೆಯೂ ಎಣ್ಣೆಯ ಗಾಢ ವಾಸನೆಯೂ ಬಂದರೆ ಎಣ್ಣೆ ಬರುತ್ತಿದೆ, ಕಿಡಿ ಇಲ್ಲ ಎಂದರ್ಥ. ವಾಸನೆಯೇ ಇಲ್ಲದಿದ್ದರೆ ಎಣ್ಣೆಯೇ ಬರುತ್ತಿಲ್ಲ. ನನ್ನದರಲ್ಲಿ ಕಿಡಿಯೂ ಇತ್ತು, ಬೆಂಕಿಯೂ ಹತ್ತುತ್ತಿತ್ತು. ಜ್ವಾಲೆಯನ್ನು ಕಾಯುವ ಫೋಟೋಸೆಲ್ ಎಂಬ ಕಣ್ಣು ಒಳಗಿದೆ. ಅದಕ್ಕೆ ಬೆಂಕಿ ಕಾಣದಿದ್ದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಹಾಗಾಗಿ ಆ ಕಣ್ಣನ್ನೇ ಅನುಮಾನಿಸಿ, ಮೆದು ಬಟ್ಟೆಯಿಂದ ಒರೆಸಿದೆ, ಕೊನೆಗೆ ಹೊಸದನ್ನೇ ತಂದು ಹಾಕಿದೆ. ಏನೂ ಬದಲಾಗಲಿಲ್ಲ.

ಪ್ರತಿ ಸಲವೂ ಪ್ಲಗ್ ಕಿತ್ತು, ಯಂತ್ರ ಪೂರ್ತಿ ಆರಿದ ಮೇಲೆಯೇ ಬಿಚ್ಚುತ್ತಿದ್ದೆ. ಪದೇ ಪದೇ ಸ್ವಿಚ್ ಹಾಕುವುದಂತೂ ಅಪಾಯ: ಉರಿಯದ ಎಣ್ಣೆ ಒಳಗೆ ನಿಂತು, ಮುಂದಿನ ಸಲ ಬೆಂಕಿ ಭಗ್ಗನೆ ಹೊರಗೆ ಚಾಚಬಹುದು.

ಆಮೇಲೆ ಟ್ಯಾಂಕು ಬಸಿದೆ. ಗಾಜಿನ ಜಾಡಿಯಲ್ಲಿ ಕಾಲು ಗಂಟೆ ಬಿಟ್ಟಾಗ, ಹಳದಿಗೆ ತಿರುಗಿದ್ದ ಹಿಂದಿನ ವರ್ಷದ ಎಣ್ಣೆಯ ಅಡಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ನೀರಿನ ಹನಿಗಳು ಕೂಡಿಕೊಂಡವು. ಕೊರೆಯುವ ಚಳಿಯಲ್ಲಿ ಈ ನೀರು ಹೆಪ್ಪುಗಟ್ಟಿ ಎಣ್ಣೆಯ ದಾರಿಯನ್ನೇ ಮುಚ್ಚಬಲ್ಲದು. ಟ್ಯಾಂಕು ತೊಳೆದು ಹೊಸದಾಗಿ 1-ಕೆ ದರ್ಜೆಯ ಸೀಮೆಎಣ್ಣೆ ತುಂಬಿದೆ. ಜ್ವಾಲೆ ಅರ್ಧ ನಿಮಿಷ ನಿಂತಿತು, ಆದರೆ ಮಂಕಾಗಿ, ಒಳಗೇ ಮುದುಡಿಕೊಂಡು ಉರಿದು ನಂದಿತು.

ಆ ಮಂಕು ಜ್ವಾಲೆಯೇ ನನ್ನ ಕಣ್ಣು ತೆರೆಸಿತು. ಪಂಪಿನ ಮುಚ್ಚಳದಲ್ಲಿರುವ ಬಿರಡೆಯನ್ನು ತೆಗೆದು ಒತ್ತಡ ಮಾಪಕ ಕೂಡಿಸಿದೆ. ನನ್ನ ಮಾದರಿಗೆ ಚದರ ಅಂಗುಲಕ್ಕೆ 4 ಪೌಂಡ್ ಒತ್ತಡ ಬೇಕಿತ್ತು. ಮುಳ್ಳು ಎರಡೂವರೆ ದಾಟಲಿಲ್ಲ. ಹಿಂಬದಿಯ ಮುಚ್ಚಳ ಬಿಚ್ಚಿದರೆ, ಗಾಳಿ ಒಳಬರುವ ಫೋಮ್ ಫಿಲ್ಟರಿನ ಮೇಲೆ ಮರದ ಪುಡಿ ಕಂಬಳಿಯಂತೆ ದಟ್ಟವಾಗಿ ಕೂತಿತ್ತು. ಗರಗಸದ ಪಕ್ಕದಲ್ಲೇ ಆರು ವರ್ಷ ಹೀಟರ್ ಇಟ್ಟವನು ನಾನೇ. ಫೋಮನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿದೆ, ಗಾಳಿ ಹೊರಹೋಗುವ ಕಡೆಯ ಫೆಲ್ಟ್ ಫಿಲ್ಟರನ್ನು ಬದಲಿಸಿದೆ. ಮುಳ್ಳು ಮೂರೂವರೆಗೆ ಬಂತು. ಉಳಿದದ್ದನ್ನು ಒತ್ತಡದ ಸ್ಕ್ರೂವಿನಿಂದ ಸರಿಪಡಿಸಿದೆ: ಯಂತ್ರ ಓಡುತ್ತಿರುವಾಗಲೇ, ಬಲಕ್ಕೆ ಕಾಲು ಸುತ್ತು ಮಾತ್ರ. ಒತ್ತಡ ಮಿತಿ ಮೀರಿದರೆ ಜ್ವಾಲೆ ಕೊಳವೆಯಿಂದ ಹೊರಚಾಚುತ್ತದೆ. ಈ ಸ್ಕ್ರೂವನ್ನು ಮಾಪಕವಿಲ್ಲದೆ ಯಾರೂ ಮುಟ್ಟಬಾರದು.

ಈಗ ಹೀಟರ್ ಗರಗಸದಿಂದ ದೂರದ ಮೂಲೆಯಲ್ಲಿದೆ. ಅದು ಉರಿಯುವಷ್ಟು ಹೊತ್ತೂ ಗ್ಯಾರೇಜಿನ ಬಾಗಿಲು ತುಸು ಮೇಲೆದ್ದಿರುತ್ತದೆ, ಗೋಡೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಇದೆ. ಕಿತ್ತುಹಾಕಿದ್ದ ಹಳೆಯ ಫೋಟೋಸೆಲ್ಲನ್ನು ಮತ್ತೆ ಕೂಡಿಸಿ ನೋಡಿದೆ. ಇಂದಿಗೂ ಅದೇ ಕೆಲಸ ಮಾಡುತ್ತಿದೆ.