ಕಲಾ ವಿಭಾಗದ ಪಿಯುಸಿಯಿಂದ ನರ್ಸಿಂಗ್ ಪದವಿಯವರೆಗೆ: ನನ್ನ ಅನುಭವ

2016ರಲ್ಲಿ ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದ ನಾನು ಬಿಎಸ್ಸಿ ನರ್ಸಿಂಗ್‌ಗೆ ಅರ್ಜಿ ಹಾಕುವಂತೆಯೇ ಇರಲಿಲ್ಲ. ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. 3 ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಡಿಪ್ಲೊಮಾಕ್ಕೆ ಕಲಾ ವಿಭಾಗದವರೂ ಸೇರಬಹುದು, ಅದಾದ ಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಿದರೆ ಪದವಿಯೂ ಸಿಗುತ್ತದೆ ಎಂದು ನನಗೆ ತಿಳಿಸಿದವರು, ಅಜ್ಜಿಯನ್ನು ದಾಖಲಿಸಿದ್ದ ಆಸ್ಪತ್ರೆಯ ಒಬ್ಬ ಹಿರಿಯ ಸಿಸ್ಟರ್. ನಮ್ಮದು ರಾಯಚೂರು ಜಿಲ್ಲೆಯ ಹಳ್ಳಿ. ಅಪ್ಪ ಪಾಲಿಗೆ ಗದ್ದೆ ಮಾಡುತ್ತಿದ್ದರು.

ಮೊದಲು ಮನೆಗೆ ಬಂದವನು ನರ್ಸಿಂಗ್ ಕಾಲೇಜೊಂದರ ಏಜೆಂಟ್. "ಈಗ ಹತ್ತು ಸಾವಿರ ಕಟ್ರಿ, ಉಳಿದದ್ದು ಆಮೇಲೆ ನೋಡೋಣ್ರಿ" ಎಂದ ಅವನ ಮಾತು ಅಪ್ಪನಿಗೆ ಹಿಡಿಸಿತ್ತು. ಆದರೂ ಆ ಕಾಲೇಜಿನದೇ ಎಂದು ಹೇಳಲಾದ ಆಸ್ಪತ್ರೆಯನ್ನು ನೋಡಲು ನಾವು ಒಂದು ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಹೋದೆವು. ಹೊರರೋಗಿಗಳ ಚೀಟಿ ಬರೆಯುವ ಕೌಂಟರ್ ಮುಚ್ಚಿತ್ತು. ಮೇಲಿನ ವಾರ್ಡಿನ ಹಾಸಿಗೆಗಳಿಗೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು, ಡ್ರಿಪ್ ಸ್ಟ್ಯಾಂಡುಗಳೆಲ್ಲ ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ರೋಗಿಗಳೇ ಇಲ್ಲದ ವಾರ್ಡಿನಲ್ಲಿ ಇಂಜೆಕ್ಷನ್ ಕೊಡುವುದನ್ನು ಕಲಿಯುವುದು ಹೇಗೆ ಎಂದು ಅಪ್ಪನೇ ಕೇಳಿದರು. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮಗಳು ಶಾಲೆಗೆ ಸ್ವಂತ ಆಸ್ಪತ್ರೆ ಇರಬೇಕೆನ್ನುತ್ತವೆ. ಆ ನಿಯಮ ಕಾಗದದಲ್ಲಿ ಮಾತ್ರ ಪಾಲನೆಯಾಗಿದೆಯೇ ಎಂಬುದು ಅರ್ಧ ಗಂಟೆಯ ಭೇಟಿಯಲ್ಲಿ ಗೊತ್ತಾಗುತ್ತದೆ. ಅಲ್ಲಿಗೆ ಸೇರಿದ ನನ್ನ ಗೆಳತಿಯೊಬ್ಬಳು ಎರಡನೇ ವರ್ಷ ಬಿಡಬೇಕೆಂದಾಗ, ಪೂರ್ತಿ ಶುಲ್ಕ ಕಟ್ಟುವವರೆಗೆ ಅವಳ ಮೂಲ ಅಂಕಪಟ್ಟಿಗಳನ್ನು ಹಿಂತಿರುಗಿಸಲಿಲ್ಲ.

ನಾನು ಸೇರಿದ್ದು ಸರ್ಕಾರಿ ಆಸ್ಪತ್ರೆಗೆ ಹೊಂದಿಕೊಂಡ ಶಾಲೆಗೆ. ಸೇರುವ ಮುನ್ನ ಶುಲ್ಕವೊಂದನ್ನೇ ನೋಡದೆ ಹಾಸ್ಟೆಲ್, ಸಮವಸ್ತ್ರ, ಪರೀಕ್ಷಾ ಶುಲ್ಕ, ಕ್ಲಿನಿಕಲ್ ಪೋಸ್ಟಿಂಗ್‌ಗೆ (ಆಸ್ಪತ್ರೆಯಲ್ಲಿನ ತರಬೇತಿಗೆ) ಓಡಾಡುವ ಬಸ್ ಖರ್ಚು ಎಲ್ಲವನ್ನೂ ಮೂರು ವರ್ಷಕ್ಕೆ ಕೂಡಿ ಅಪ್ಪನ ಲೆಕ್ಕದ ಪುಸ್ತಕದಲ್ಲಿ ಬರೆದಿದ್ದೆ. ಮೊದಲ ವರ್ಷ ಹಾಸ್ಟೆಲ್ ಸಿಗದಿದ್ದಾಗ, ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಆಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದ ವಿದ್ಯಾಸಿರಿ ಯೋಜನೆ ನೆರವಾಯಿತು. ಆದರೆ ಹಣ ಖಾತೆಗೆ ಬಂದದ್ದು ಬಹಳ ತಡವಾಗಿ, ಹಾಗಾಗಿ ವಿದ್ಯಾರ್ಥಿವೇತನವನ್ನು ನೆಚ್ಚಿ ಬಾಡಿಗೆ ಮಾತನಾಡಬಾರದು.

2019ರಲ್ಲಿ ಡಿಪ್ಲೊಮಾ ಮತ್ತು ನರ್ಸ್ ಆಗಿ ನೋಂದಣಿ ಮುಗಿಸಿ, 30 ಹಾಸಿಗೆಗಳ ನರ್ಸಿಂಗ್ ಹೋಮ್ ಕೊಡಲು ಒಪ್ಪಿದ್ದ ಹೆಚ್ಚಿನ ಸಂಬಳವನ್ನು ಬಿಟ್ಟು, ಕಡಿಮೆ ಸಂಬಳದ ದೊಡ್ಡ ಆಸ್ಪತ್ರೆಗೆ ಸೇರಿದೆ. ಅಮ್ಮನಿಗೆ ಇದು ಬುದ್ಧಿಗೇಡಿತನವಾಗಿ ಕಂಡಿತು. ಆದರೆ ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ನೇಮಕಾತಿಯಲ್ಲಿ ಡಿಪ್ಲೊಮಾ ಮಾಡಿದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ 2 ವರ್ಷದ ಅನುಭವವನ್ನು ಕೇಳುತ್ತಾರೆ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಎಷ್ಟು ವರ್ಷ ನೈಟ್ ಡ್ಯೂಟಿ ಮಾಡಿದರೂ ಅದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆ ಹುದ್ದೆಯ ಮೂಲ ವೇತನ 44,900 ರೂಪಾಯಿ.

2022ರಲ್ಲಿ ಪೋಸ್ಟ್ ಬೇಸಿಕ್‌ಗೆ ಸೇರುವಾಗ ಉಳಿತಾಯ ಸಾಲದೆ ಬ್ಯಾಂಕಿನಿಂದ 2 ಲಕ್ಷ ರೂಪಾಯಿ ಸಾಲ ಪಡೆದೆ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಓದಿನ ಅವಧಿಯ ಬಡ್ಡಿಯನ್ನೂ ಅದರ ನಂತರದ 1 ವರ್ಷದ ಬಡ್ಡಿಯನ್ನೂ ಕೇಂದ್ರ ಸರ್ಕಾರ ಭರಿಸುವ ಯೋಜನೆಯೊಂದಿದೆ. ಆದರೆ ಕಾಲೇಜಿನ ಮಾನ್ಯತೆ ಸರಿಯಿಲ್ಲದಿದ್ದರೆ ಆ ಸೌಲಭ್ಯ ಕೈತಪ್ಪುತ್ತದೆ. ಆದ್ದರಿಂದ ಕಾಲೇಜಿನ ಮಾನ್ಯತೆಯ ಪತ್ರವನ್ನು ಪ್ರವೇಶಕ್ಕೆ ಮೊದಲೇ ಬ್ಯಾಂಕಿನ ಮ್ಯಾನೇಜರ್ ಮುಂದಿಟ್ಟು, ಅವರು ಒಪ್ಪಿದ ಮೇಲೆಯೇ ಶುಲ್ಕ ಕಟ್ಟಿದೆ.

ಇದೇ ದಾರಿಯನ್ನು ತಂಗಿಗೆ ನಾನು ಹೇಳಲಿಲ್ಲ. ಅವಳು ವಿಜ್ಞಾನ ಓದಿದ್ದಳು. ನನ್ನ ಡಿಪ್ಲೊಮಾ ಮತ್ತು ಪೋಸ್ಟ್ ಬೇಸಿಕ್ ಸೇರಿ ಓದಿಗೇ 5 ವರ್ಷ ಹಿಡಿದಿದ್ದವು, ಅವಳಿಗೆ ಬಿಎಸ್ಸಿ ನರ್ಸಿಂಗ್‌ನ 4 ವರ್ಷದಲ್ಲಿಯೇ ಪದವಿ, ನೋಂದಣಿ ಎರಡೂ ಸಿಗುತ್ತವೆ. 2024ರಲ್ಲಿ ಅವಳಿಂದ ಸಿಇಟಿ ಬರೆಸಿ, ಸೀಟಿನ ಆಯ್ಕೆಗಳನ್ನು ತುಂಬುವ ಮೊದಲು ಪಟ್ಟಿಯಲ್ಲಿದ್ದ ನಾಲ್ಕು ಕಾಲೇಜುಗಳ ಆಸ್ಪತ್ರೆಗಳಿಗೆ ಇಬ್ಬರೂ ಹೋದೆವು. ಎರಡನ್ನು ಅಲ್ಲಿಯೇ ಪಟ್ಟಿಯಿಂದ ಹೊಡೆದುಹಾಕಿದೆವು.